ಸ್ಕ್ಯಾನ್ ಮಾಡಿದರೆ ಸಾಲದು, ಹುಡುಕಿದಾಗ ಸಿಗಬೇಕು

ತಮಿಳುನಾಡಿನ ಗಡಿಯ ಹೊಸೂರಿನ ಬಗ್ಗೆ ಹಳೆಯ ಪುಸ್ತಕವೋ ಜಾತ್ರೆಯ ಕರಪತ್ರವೋ ಶಾಸನದ ಫೋಟೊವೋ ಸಿಗುತ್ತದೆಯೇ ಎಂದು ಡಿಜಿಟಲ್ ಗ್ರಂಥಾಲಯದಲ್ಲಿ ಹುಡುಕಲು ಕೂತವರಿಗೆ ಮೊದಲ ತೊಡಕು ಊರಿನ ಹೆಸರಿನಲ್ಲೇ ಎದುರಾಗುತ್ತದೆ. ಕನ್ನಡದಲ್ಲಿ ಅದು ಹೊಸೂರು. ತಮಿಳು ಬೋರ್ಡುಗಳಲ್ಲಿ ಹಕಾರ ಬಿದ್ದುಹೋಗಿ ಓಸೂರ್. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಲಿಪ್ಯಂತರ ನಿಯಮದಲ್ಲಿ ತಮಿಳಿನ ಚಕಾರ ಎಲ್ಲಿ ಬಂದರೂ ಚಕಾರವೇ. ಹಾಗಾಗಿ ತಮಿಳು ಪುಸ್ತಕದ ಶೀರ್ಷಿಕೆಯಲ್ಲಿ ಬಂದ ಅದೇ ಊರು ಅಲ್ಲಿನ ಕ್ಯಾಟಲಾಗಿನಲ್ಲಿ ಓಚೂರ್ ಆಗುತ್ತದೆ. ಸಾಲದ್ದಕ್ಕೆ ಕರ್ನಾಟಕದಲ್ಲೇ ಹೊಸೂರು ಎಂಬ ಹಳ್ಳಿಗಳು ಬೇಕಾದಷ್ಟಿವೆ, ಹುಬ್ಬಳ್ಳಿ ಪಟ್ಟಣದೊಳಗೇ ಒಂದಿದೆ. ಬಾಗಲೂರು ಎಂದರೆ ಹೊಸೂರಿನ ಪಕ್ಕದ್ದೋ, ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಕಡೆಯದ್ದೋ? ಕಾವೇರಿಪಟ್ಟಣಂ ಎಂದರೆ ಕೃಷ್ಣಗಿರಿ ಪಕ್ಕದ ಊರೋ, ಸಮುದ್ರತೀರದ ಪೂಂಪುಹಾರೋ?

ಕಂಪ್ಯೂಟರಿಗೆ ಊರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಕ್ಷರಗಳ ಸಾಲು ಮಾತ್ರ. ಪುಟಗಳ ಚಿತ್ರ ಎಷ್ಟೇ ಸ್ಫುಟವಾಗಿರಲಿ, ಇದು ಏನು, ಯಾರದು, ಯಾವಾಗಿನದು, ಎಲ್ಲಿಯದು, ಯಾವ ಭಾಷೆಯದು, ಯಾರು ಬಳಸಬಹುದು ಎಂದು ಜೊತೆಗೆ ಯಾರಾದರೂ ಸರಿಯಾಗಿ ಬರೆದಿಡದಿದ್ದರೆ ಆ ಚಿತ್ರ ಇದ್ದೂ ಇಲ್ಲದಂತೆ. ಹೀಗೆ ಬರೆದಿಟ್ಟ ವಿವರಕ್ಕೆ ಮೆಟಾಡೇಟಾ ಎನ್ನುತ್ತಾರೆ. ಹಿಂದೆ ಗ್ರಂಥಾಲಯದ ಮರದ ಡ್ರಾಯರುಗಳಲ್ಲಿ ಇರುತ್ತಿದ್ದ ಕಾರ್ಡಿನ ಕೆಲಸವನ್ನೇ ಇದೂ ಮಾಡುತ್ತದೆ. ಆದರೆ ಕಾರ್ಡು ಅರೆಬರೆಯಾಗಿದ್ದರೂ ಓದುಗ ಕಪಾಟಿನ ಮುಂದೆ ನಿಂತು ಕಣ್ಣಾಡಿಸಿ ಪುಸ್ತಕ ಹುಡುಕಿಕೊಳ್ಳುತ್ತಿದ್ದ. ಡಿಜಿಟಲ್ ಸಂಗ್ರಹಕ್ಕೆ ಕಪಾಟೇ ಇಲ್ಲ. ಅಲ್ಲಿ ವಿವರ ತಪ್ಪಿದರೆ ಪುಸ್ತಕವೇ ತಪ್ಪಿಹೋಯಿತು.

ಕನ್ನಡಕ್ಕೆ ಈ ಪಾಠ ಒಮ್ಮೆ ದುಬಾರಿಯಾಗಿಯೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಅದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಸ್ತಕಗಳ ಹೆಸರನ್ನು ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಒಂದು ನಿಯಮವಿಲ್ಲದೆ. ದೀರ್ಘಕ್ಕೆ ಒಬ್ಬರು ಒಂದು ಅಕ್ಷರ ಬಳಸಿದರೆ ಮತ್ತೊಬ್ಬರು ಎರಡು ಬಳಸಿದರು, ಒತ್ತಕ್ಷರವನ್ನು ಕೆಲವರು ನುಂಗಿಬಿಟ್ಟರು. ಆ ಯೋಜನೆಯ ತಾಣ ನಿಂತುಹೋದ ಮೇಲೂ ಪುಸ್ತಕಗಳ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದವು. ಅಲ್ಲಿ ಅವುಗಳ ಗುರುತುಸಂಖ್ಯೆಯಲ್ಲಿ ಡಿಎಲ್‌ಐ ಎಂಬುದರ ಮುಂದೆ 2015 ಎಂದು ಕಾಣುತ್ತದೆ. ಅದು ಪುಸ್ತಕ ಅಚ್ಚಾದ ವರ್ಷವಲ್ಲ. ಹೊಸಬರು ಇಲ್ಲಿ ಎಡವಿದರೆ ಅವರನ್ನು ದೂರುವಂತಿಲ್ಲ.

ಈ ಗೋಜಲನ್ನು ಬಿಡಿಸಲು ಹೊರಟವರು ಸರ್ಕಾರಿ ಇಲಾಖೆಯವರಲ್ಲ, ಬೆಂಗಳೂರಿನ ಸಂಚಯ ಎಂಬ ಸ್ವಯಂಸೇವಕರ ಗುಂಪಿನವರು. ‘ಪುಸ್ತಕ ಸಂಚಯ’ ಎಂಬ ಹುಡುಕುತಾಣ ಕಟ್ಟಿದರು. ‘ಸಮೂಹ ಸಂಚಯ’ದ ಮೂಲಕ, ಇಂಗ್ಲಿಷ್ ಅಕ್ಷರದಲ್ಲಿ ನರಳುತ್ತಿದ್ದ ಶೀರ್ಷಿಕೆಗಳನ್ನೂ ಲೇಖಕರ ಹೆಸರುಗಳನ್ನೂ ಆಸಕ್ತರಿಂದಲೇ ಕನ್ನಡ ಲಿಪಿಗೆ ತರಿಸಿದರು. ಪುಸ್ತಕ ಒಂದನ್ನೂ ಹೊಸದಾಗಿ ಸ್ಕ್ಯಾನ್ ಮಾಡದೆ, ಇದ್ದ ಪುಸ್ತಕವೇ ಸಿಗುವಂತೆ ಮಾಡಿದ ಕೆಲಸ ಅದು. ನನ್ನ ಮಟ್ಟಿಗೆ ಆ ಹೊತ್ತಿಗೆ ಹೊಸ ಸ್ಕ್ಯಾನರ್ ಕೊಳ್ಳುವುದಕ್ಕಿಂತ ಅದೇ ಮೇಲು.

ಈ ವಿವರವನ್ನು ಹೇಗೆ ಬರೆಯುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ ಕೈಗೆತ್ತಿಕೊಳ್ಳೋಣ. ಹೊಸೂರಿನ ಬೆಟ್ಟದ ಚಂದ್ರಚೂಡೇಶ್ವರನ ತೇರಿನ ಕರಪತ್ರ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಒಂದೇ ಹಾಳೆ, ಬರೆದವರ ಹೆಸರಿಲ್ಲ. ದಿನಾಂಕದ ಜಾಗದಲ್ಲಿ ‘ಪ್ರಭವ ಸಂವತ್ಸರದ ಫಾಲ್ಗುಣ’ ಎಂದಷ್ಟೇ ಇದೆ. ಇದನ್ನು ಡಬ್ಲಿನ್ ಕೋರ್ ಎಂಬ ಪದ್ಧತಿಯಲ್ಲಿ ದಾಖಲಿಸಬೇಕು. 1995ರಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಒಟ್ಟು 15 ಅಂಶಗಳಿವೆ. ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ, ಭಾಷೆ, ವ್ಯಾಪ್ತಿ, ಹಕ್ಕು ಹೀಗೆ. (ಡಬ್ಲಿನ್ ಎಂದೊಡನೆ ಐರ್ಲೆಂಡ್ ನೆನಪಾಗುವುದು ಸಹಜ. ಇದು ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್. ಎರಡು ಬಾಗಲೂರುಗಳ ಕಷ್ಟ ಅವರಿಗೂ ಇದೆ.)

ಶೀರ್ಷಿಕೆ ಸುಲಭ: ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ, ಕಾಗುಣಿತ ತಪ್ಪಿದ್ದರೆ ಆ ತಪ್ಪಿನ ಸಮೇತ ಇಳಿಸಿ, ಸರಿಯಾದ ರೂಪವನ್ನು ಪರ್ಯಾಯ ಶೀರ್ಷಿಕೆಯಾಗಿ ಕೊಡುವುದು. ಕರ್ತೃವಿನ ಜಾಗ ಖಾಲಿ ಬಿಟ್ಟರೂ ಆದೀತು, ದೇವಸ್ಥಾನದ ಸಮಿತಿಯ ಹೆಸರಿದ್ದರೆ ಅದನ್ನು ಹಾಕಬಹುದು. ಪ್ರಾಣ ಹಿಂಡುವುದು ದಿನಾಂಕ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಪ್ರಭವ ಬಂದದ್ದು 1927–28ರಲ್ಲಿ, ಮತ್ತೆ 1987–88ರಲ್ಲಿ. ಫಾಲ್ಗುಣ ವರ್ಷದ ಕೊನೆಯ ಮಾಸವಾದ್ದರಿಂದ ಇಂಗ್ಲಿಷ್ ಲೆಕ್ಕದಲ್ಲಿ 1928 ಅಥವಾ 1988ರ ಫೆಬ್ರವರಿ–ಮಾರ್ಚ್. ಸಂವತ್ಸರ ಶುರುವಾದ ವರ್ಷವನ್ನೇ ನೋಡಿ 1927 ಎಂದೋ 1987 ಎಂದೋ ಬರೆದುಬಿಟ್ಟರೆ ಅಲ್ಲೇ ಒಂದು ವರ್ಷ ತಪ್ಪಿತು.

ಎರಡರಲ್ಲಿ ಯಾವುದು? ಹಾಳೆಯನ್ನೇ ಕೇಳಬೇಕು. ಸೇವೆಯ ದರ ಆಣೆಯಲ್ಲಿದ್ದರೆ ಹಳೆಯದು, ಏಕೆಂದರೆ 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಹೊಸದು, ಏಕೆಂದರೆ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಜಿಲ್ಲೆಯ ಹೆಸರು ಇನ್ನೂ ಒಳ್ಳೆಯ ಸಾಕ್ಷಿ. ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರ ಫೆಬ್ರವರಿ 9ರಂದು ಕೃಷ್ಣಗಿರಿ ಜಿಲ್ಲೆಗೆ ಬಂತು. ‘ಸೇಲಂ ಜಿಲ್ಲೆ’ ಎಂದಿದ್ದರೆ 1928, ‘ಧರ್ಮಪುರಿ ಜಿಲ್ಲೆ’ ಎಂದಿದ್ದರೆ 1988. ಹಾಳೆಯ ಬುಡದಲ್ಲಿ ಸಣ್ಣಕ್ಷರದ ಸಾಲೊಂದು ಇರುತ್ತದೆ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಮತ್ತು ಊರು. 1867ರ ಮುದ್ರಣ ಕಾಯ್ದೆ ಅದನ್ನು ಕಡ್ಡಾಯ ಮಾಡಿತ್ತು. ಸ್ಕ್ಯಾನ್ ಮಾಡುವವರು ಅಂಚು ಚೆಂದ ಕಾಣಲೆಂದು ಕತ್ತರಿಸಿ ಎಸೆಯುವುದು ಬಹಳ ಸಲ ಈ ಸಾಲನ್ನೇ! ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಹೆಚ್ಚು ಸಾಧ್ಯವೆನಿಸಿದ ವರ್ಷದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಬೇಕು. ಖಚಿತವಿಲ್ಲದ ದಿನಾಂಕವನ್ನು ಖಚಿತವೆಂಬಂತೆ ಬರೆಯುವುದು ಖಾಲಿ ಬಿಡುವುದಕ್ಕಿಂತ ಕೆಟ್ಟದ್ದು. ಖಾಲಿ ಜಾಗವನ್ನು ಮುಂದೆ ಯಾರಾದರೂ ತುಂಬುತ್ತಾರೆ, ಸುಳ್ಳು ವರ್ಷವನ್ನು ಎಲ್ಲರೂ ನಕಲು ಮಾಡುತ್ತಾರೆ.

ದಿನಾಂಕದ ಮೇಲೆ ಹಕ್ಕು ನಿಂತಿದೆ. ಲೇಖಕರ ಹೆಸರಿಲ್ಲದ ಬರಹಕ್ಕೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರಕಟವಾದ ಮೇಲೆ 60 ವರ್ಷದ ರಕ್ಷಣೆ. 1928ರ ಹಾಳೆಯನ್ನು ಯಾರು ಬೇಕಾದರೂ ಹಂಚಬಹುದು, 1988ರದ್ದಾದರೆ 2048ರ ಕೊನೆಯವರೆಗೆ ಅನುಮತಿಯ ಮಾತು ಬರುತ್ತದೆ. ಹೆಸರಿರುವ ಲೇಖಕರಾದರೆ ಲೆಕ್ಕ ಅವರು ತೀರಿಕೊಂಡ ವರ್ಷದಿಂದ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ತೀರಿಕೊಂಡದ್ದು 1972ರಲ್ಲಿ. ಹಾಗಾಗಿ ಅವರ ಬದುಕಿನಲ್ಲಿ ಪ್ರಕಟವಾದ ಕೃತಿಗಳು 2032ರ ಕೊನೆಗೆ ಮುಕ್ತವಾಗುತ್ತವೆ. ಅವರ ಕೃತಿಯ ಕನ್ನಡ ಅನುವಾದವಾದರೆ ಅನುವಾದಕರ ಹಕ್ಕನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು. ಅನುವಾದಕರ ಹೆಸರನ್ನು ದಾಖಲೆಯಲ್ಲಿ ಬಿಟ್ಟವರು ಮುಂದಿನವರ ಕೈ ಕಟ್ಟಿಹಾಕಿದಂತೆ.

ಹೆಸರಿನ ಮಾತು ಬಂತಲ್ಲ. ಚಕ್ರವರ್ತಿ ರಾಜಗೋಪಾಲಾಚಾರಿ, ಸಿ. ರಾಜಗೋಪಾಲಾಚಾರ್ಯ, ರಾಜಾಜಿ, ಸಿ. ಆರ್., ಇವರೆಲ್ಲ ಒಬ್ಬರೇ ಎಂದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಹೊಸೂರಿಗೆ ಅಂಟಿಕೊಂಡ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕತೆ ಬರೆದದ್ದು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ. ಮಾಸ್ತಿ ಎಂಬುದು ಊರೂ ಹೌದು, ಓದುಗರ ಬಾಯಲ್ಲಿ ಮನುಷ್ಯನೂ ಹೌದು. ಶ್ರೀನಿವಾಸ ಎಂಬ ಲೇಖಕರಂತೂ ನಾಡಿನ ತುಂಬ ಇದ್ದಾರೆ. ಇದಕ್ಕೆ ಗ್ರಂಥಪಾಲಕರ ಉಪಾಯ ಹೀಗಿದೆ: ಒಬ್ಬ ವ್ಯಕ್ತಿಗೆ ಒಂದು ಅಧಿಕೃತ ರೂಪ ಗೊತ್ತುಮಾಡಿ, ಜನನ ಮರಣದ ವರ್ಷ ಸೇರಿಸಿ, ಉಳಿದ ಎಲ್ಲ ರೂಪಗಳನ್ನೂ ಅದಕ್ಕೆ ಕಟ್ಟಿಹಾಕುತ್ತಾರೆ. ಓದುಗ ಯಾವ ಹೆಸರಿನಲ್ಲಿ ಹುಡುಕಿದರೂ ಒಂದೇ ಕಡೆ ಬಂದು ಸೇರುತ್ತಾನೆ. ಊರಿಗೂ ಇದೇ ಉಪಾಯ. ಹೆಸರಿನ ಜೊತೆಗೆ ಜನಗಣತಿಯ ಗ್ರಾಮಸಂಖ್ಯೆಯನ್ನೋ ವಿಕಿಡೇಟಾದ ಸಂಖ್ಯೆಯನ್ನೋ ಬರೆದಿಟ್ಟರೆ ಎರಡು ಬಾಗಲೂರುಗಳು ಮತ್ತೆ ಬೆರೆಯುವುದಿಲ್ಲ. ವಿಕಿಡೇಟಾದಲ್ಲಿ ಒಂದೇ ಸಂಖ್ಯೆಯ ಅಡಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ರೂಪಗಳನ್ನು ಸೇರಿಸಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೂರೂ ಏಕೆ ಬೇಕು? ಹೊಸೂರು, ತಳಿ, ಡೆಂಕಣಿಕೋಟೆ, ಬೇರಿಗೆ ಸೀಮೆಯಲ್ಲಿ ಮನೆಮಾತು ಕನ್ನಡವೋ ತೆಲುಗೋ ಆದ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ, 2006ರ ಕಾಯ್ದೆಯ ನಂತರ ಅದು ಕಡ್ಡಾಯ. ತಾತ ಕನ್ನಡದಲ್ಲಿ ಓದಿದ ಕರಪತ್ರವನ್ನು ಮೊಮ್ಮಗ ತಮಿಳು ಅಕ್ಷರದಲ್ಲಿ ಹುಡುಕುತ್ತಾನೆ. ಯಂತ್ರವೇ ಲಿಪಿ ಬದಲಿಸಿಕೊಳ್ಳಲಿ ಎಂದರೆ ಆಗದು. ತಮಿಳಿನಲ್ಲಿ ಪಕಾರ ಬಕಾರಕ್ಕೆ ಒಂದೇ ಅಕ್ಷರ, ಕಕಾರ ಗಕಾರಕ್ಕೂ ಒಂದೇ. ಬಾಗಲೂರು ತಮಿಳಿಗೆ ಹೋಗಿ ಯಂತ್ರದ ಮೂಲಕ ವಾಪಸು ಬಂದರೆ ಪಾಕಲೂರ್ ಆಗಿರುತ್ತದೆ. ಊರು ಬಲ್ಲವರು ಒಮ್ಮೆ ಕೂತು ಕೈಯಾರೆ ಬರೆಯಬೇಕಾದ ಪಟ್ಟಿ ಇದು.

ಕನ್ನಡ ಲಿಪಿಯೊಳಗೇ ಇರುವ ಎರಡು ಗುಂಡಿಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇವು ಕಣ್ಣಿಗೆ ಕಾಣುವುದಿಲ್ಲ. ಹೊಸೂರು ಎಂಬ ಹೆಸರಿನ ಮೊದಲ ಅಕ್ಷರ ‘ಹೊ’. ಯುನಿಕೋಡ್‌ನಲ್ಲಿ ಇದನ್ನು ಹಕಾರಕ್ಕೆ ಒಕಾರದ ಒಂದೇ ಚಿಹ್ನೆ ಸೇರಿಸಿ ಬರೆಯಬಹುದು. ಎಕಾರದ ಚಿಹ್ನೆ, ಅದರ ಬೆನ್ನಿಗೆ ಊಕಾರದ ಚಿಹ್ನೆ ಹೀಗೆ ಎರಡನ್ನು ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಒಳಗಿನ ಸಂಕೇತ ಮಾತ್ರ ಬೇರೆ. ಹುಡುಕುವ ತಂತ್ರಾಂಶಕ್ಕೆ ಎರಡನ್ನೂ ಒಂದು ಮಾಡಿಕೊಳ್ಳಲು ಹೇಳಿಕೊಡದಿದ್ದರೆ ಒಂದು ರೂಪದಲ್ಲಿ ಹುಡುಕಿದವರಿಗೆ ಇನ್ನೊಂದು ರೂಪದ ಹೊಸೂರು ಸಿಗುವುದಿಲ್ಲ. ಇದಕ್ಕೆ ಎನ್‌ಎಫ್‌ಸಿ ಎಂಬ ಸಿದ್ಧ ವಿಧಾನವಿದೆ, ದಾಖಲೆ ಉಳಿಸುವ ಮುನ್ನ ಒಮ್ಮೆ ಅದರಲ್ಲಿ ಹಾಯಿಸಿದರೆ ಮುಗಿಯಿತು. ಎರಡನೆಯದಕ್ಕೆ ಇಷ್ಟು ಸುಲಭದ ಮದ್ದಿಲ್ಲ. ಅನುಸ್ವಾರದ ಸೊನ್ನೆ (ಂ) ಒತ್ತುವ ಬದಲು ಕನ್ನಡ ಅಂಕಿಯ ಸೊನ್ನೆ (೦) ಒತ್ತುವುದು ತೀರ ಸಾಮಾನ್ಯ. ಅಂಕಿ ಹೊಕ್ಕ ‘ಡೆ೦ಕಣಿಕೋಟೆ’ಯನ್ನು ಅಲ್ಲಿನ ಪಂಚಾಯಿತಿಯವರೇ ಹುಡುಕಿದರೂ ಸಿಗಲಾರದು. ಅಕ್ಷರಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡ ಕನ್ನಡ ಅಂಕಿಗಳನ್ನೆಲ್ಲ ಪಟ್ಟಿ ಮಾಡಿಸಿ ಒಮ್ಮೆ ಕಣ್ಣಿಂದ ನೋಡಿ ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಆದ ಪಟ್ಟಿಗಳಿದ್ದರೆ ಅವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು.

ಅಕ್ಷರ ಗುರುತಿಸುವ ತಂತ್ರಾಂಶ ಬಂದಿದೆ, ಇನ್ನು ಈ ತಾಪತ್ರಯವೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅಚ್ಚುಕಟ್ಟಾದ ಪುಟವನ್ನು ಅದು ಚೆನ್ನಾಗಿಯೇ ಓದುತ್ತದೆ. ಆದರೆ ಓದಿ, ಈ ಪ್ರಭವ 1928ರದೋ 1988ರದೋ ಎಂದು ಹೇಳುವುದಿಲ್ಲ. ಮಸುಕಾದ ವೀರಗಲ್ಲಿನ ಫೋಟೊವನ್ನಂತೂ ಮುಟ್ಟುವುದೂ ಇಲ್ಲ.

ಕಲ್ಲುಗಳ ವಿಷಯದಲ್ಲಿ ಈ ಸೀಮೆಯ ಕಷ್ಟ ಬೇರೆಯೇ ಇದೆ. ಶಾಸನತಜ್ಞ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಗ್ರಂಥಮಾಲೆಯ ಬೆಂಗಳೂರು ಸಂಪುಟವನ್ನು 1905ರಲ್ಲಿ ಹೊರತಂದಾಗ ಶಾಸನಗಳಿಗೆ ತಾಲ್ಲೂಕಿನ ಲೆಕ್ಕದಲ್ಲಿ ಸಂಖ್ಯೆ ಕೊಟ್ಟರು. ಆನೇಕಲ್ ಇಂತಿಷ್ಟನೆಯದು ಎಂದರೆ ಇಂದಿಗೂ ಸಂಶೋಧಕರಿಗೆ ತಿಳಿಯುತ್ತದೆ. ಆ ಸಂಪುಟಗಳ ಕೆಲಸ ಮೈಸೂರು ಸಂಸ್ಥಾನದ್ದು. ಆಗ ಅತ್ತಿಬೆಲೆ ದಾಟಿ ಜೂಜುವಾಡಿಗೆ ಕಾಲಿಟ್ಟರೆ ಮದ್ರಾಸ್ ಪ್ರಾಂತ. ಅಲ್ಲಿನ ಕಲ್ಲು ಕನ್ನಡದ್ದಾದರೂ ಸೇರಿದ್ದು ಮದ್ರಾಸಿನ ಶಾಸನ ವರದಿಗಳಿಗೆ, ವರ್ಷವಾರು ಸಂಖ್ಯೆಯಲ್ಲಿ. 13ನೆಯ ಶತಮಾನದಲ್ಲಿ ಈ ಸೀಮೆಯ ಕುಂದಾಣಿಯಿಂದ ಆಳಿದ ಹೊಯ್ಸಳ ರಾಮನಾಥನಿಗೆ ಇಂಥ ಗಡಿ ಇರಲಿಲ್ಲ. ಅವನ ತಮಿಳು ಶಾಸನಗಳು ಕೋಲಾರ, ಬೆಂಗಳೂರು ಸಂಪುಟಗಳಲ್ಲೂ ಇವೆ, ಮದ್ರಾಸಿನ ವರದಿಗಳಲ್ಲೂ ಇವೆ. ಒಬ್ಬನೇ ರಾಜನ ಕಲ್ಲುಗಳು ಎರಡು ಸಾಲಿನ ಗ್ರಂಥಗಳಲ್ಲಿ, ಎರಡು ಬಗೆಯ ಸಂಖ್ಯೆಯಲ್ಲಿ ಹಂಚಿಹೋಗಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಅಂಥ ಕೆಲಸ ಹೊಸೂರಿನ ಕಡೆ ಯಾರೇ ಮಾಡಿದರೂ ಪ್ರತಿ ಕಲ್ಲಿಗೂ ಹಳೆಯ ಸಂಖ್ಯೆ, ಯಾವ ಗ್ರಂಥದ್ದು, ಇಂದು ಕಲ್ಲು ನಿಂತಿರುವ ಜಾಗದ ಅಕ್ಷಾಂಶ ರೇಖಾಂಶ, ಇಷ್ಟನ್ನು ಬರೆಯಲೇಬೇಕು. ಕಲ್ಲು ರಸ್ತೆ ಅಗಲೀಕರಣದಲ್ಲಿ ಜಾಗ ಬದಲಿಸುತ್ತದೆ, ಆದ್ದರಿಂದ ನೋಡಿದ ದಿನವನ್ನೂ ಬರೆಯಬೇಕು.

ಇನ್ನು ಸಂಘಗಳ ಮಾತು. ಇಂಥ ನಿಯಮಗಳನ್ನು ಗೊತ್ತುಮಾಡುವವರು ಯಾರು? ಒಬ್ಬ ಗ್ರಂಥಪಾಲಕ ತನ್ನ ಊರಿಗೆ ಒಂದು ನಿಯಮ ಮಾಡಿಕೊಂಡರೆ ಪಕ್ಕದ ಊರಿನ ಜೊತೆ ಹೊಂದುವುದಿಲ್ಲ. ಅಮೆರಿಕದಲ್ಲಿ ಮಾರ್ಕ್ ಎಂಬ ಪದ್ಧತಿಯಿದೆ, 1960ರ ದಶಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬಾಕೆ ರೂಪಿಸಿದ್ದು. ಅದರಲ್ಲಿ ಪ್ರತಿ ವಿವರದ ಜಾಗಕ್ಕೂ ಒಂದು ಸಂಖ್ಯೆ, ನಿದ್ದೆಗಣ್ಣಿನಲ್ಲಿ ಕೇಳಿದರೂ ಗ್ರಂಥಪಾಲಕರು 245 ಎಂದರೆ ಶೀರ್ಷಿಕೆ ಎನ್ನುತ್ತಾರೆ. 880 ಎಂಬ ಜಾಗ ಮೂಲ ಲಿಪಿಗೆ ಮೀಸಲು, ಕನ್ನಡ ಶೀರ್ಷಿಕೆಯನ್ನು ಕನ್ನಡದಲ್ಲೇ ಇಡಲು ಅಲ್ಲಿ ಅವಕಾಶವಿದೆ. ಈ ಪದ್ಧತಿಗೆ ತಿದ್ದುಪಡಿ ಬೇಕೆಂದರೆ ಅಮೆರಿಕನ್ ಗ್ರಂಥಾಲಯ ಸಂಘದ ಮೂರು ವಿಭಾಗಗಳ ಜಂಟಿ ಸಮಿತಿಯೊಂದು ಬಹುಕಾಲ ಅದನ್ನು ಬಹಿರಂಗವಾಗಿ ಚರ್ಚಿಸುತ್ತಿತ್ತು. ಅದರಲ್ಲಿ ಗ್ರಂಥಾಲಯ ತಂತ್ರಜ್ಞಾನದವರ ವಿಭಾಗವಾದ ಲೀಟಾ ಕೂಡ ಒಂದು. 1966ರಲ್ಲಿ ಬೇರೆ ಹೆಸರಿನಿಂದ ಶುರುವಾದ ಆ ವಿಭಾಗ 2020ರಲ್ಲಿ ಇನ್ನೆರಡರ ಜೊತೆ ಸೇರಿ ‘ಕೋರ್’ ಆಯಿತು. ಸದಸ್ಯರು ಕಡಿಮೆಯಾದಾಗ ಬಾಗಿಲು ಹಾಕುವ ಬದಲು ಕೂಡಿಕೊಂಡರು.

ನಮ್ಮಲ್ಲಿ ಇಂಥ ಮುಂದಾಳತ್ವಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಕಟ್ಟುವಲ್ಲಿ ಮುಂದಿದ್ದರು. ಸಂಘವನ್ನು ಅವರು ಹಾರ ತುರಾಯಿಗೆ ಬಳಸಲಿಲ್ಲ, ಕಾನೂನು ಮಾಡಿಸಲು ಬಳಸಿದರು. ಅದರ ಫಲವೇ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಇಂದಿಗೂ ಹೊಸೂರು, ಕೃಷ್ಣಗಿರಿಯ ಶಾಖಾ ಗ್ರಂಥಾಲಯಗಳು ನಡೆಯುವುದು ಆ ಕಾಯ್ದೆಯ ಅಡಿಯಲ್ಲೇ. ಅವರೇ 1962ರಲ್ಲಿ ಹೊಸೂರಿನಿಂದ 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಪ್ರಲೇಖನ ತರಬೇತಿ ಕೇಂದ್ರ ಸ್ಥಾಪಿಸಿದರು. ಯಾವ ವಿಷಯವನ್ನೇ ಆಗಲಿ ಬಿಡಿಸಿ ನೋಡಲು ಅವರು ಹೇಳಿದ ಐದು ಮುಖಗಳಲ್ಲಿ ಕೊನೆಯ ಎರಡು ಸ್ಥಳ ಮತ್ತು ಕಾಲ. ನಮ್ಮ ತೇರಿನ ಕರಪತ್ರ ಸಿಕ್ಕಿಹಾಕಿಕೊಂಡಿದ್ದೂ ಅಲ್ಲೇ. ಕನ್ನಡದಲ್ಲಿ ಕನ್ನಡ ಗಣಕ ಪರಿಷತ್ತು ಕೀಲಿಮಣೆಯ ವಿನ್ಯಾಸ ಒಂದಕ್ಕೆ ಬಂದು ನಿಲ್ಲುವಂತೆ ಮಾಡಿದ್ದನ್ನೂ ನೆನೆಯಬೇಕು. ಕೆ. ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆ ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ಸಂಘ ಒಂದು ತೀರ್ಮಾನಕ್ಕೆ ಬಂದು ಅದನ್ನು ಪ್ರಕಟಿಸಿದರೆ ಏನಾಗಬಹುದು ಎಂಬುದಕ್ಕೆ ಇವೆರಡು ಸಾಕು. ಶಾಲು, ಸ್ಮರಣಿಕೆ, ಎರಡು ದಿನದ ವಿಚಾರ ಸಂಕಿರಣ ನಡೆಸಿ ಊಟ ಹಾಕಿ ಕಳಿಸುವುದರಿಂದ ಒಂದು ಊರಿನ ಕಾಗುಣಿತವೂ ಗಟ್ಟಿಯಾಗುವುದಿಲ್ಲ.

ಆದ್ದರಿಂದ ಗಡಿಯ ಎರಡೂ ಬದಿಯ ಗ್ರಂಥಾಲಯ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಕೃಷ್ಣಗಿರಿ ಜಿಲ್ಲೆಯ ಊರುಗಳ ಮೂರು ಲಿಪಿಯ ಪಟ್ಟಿಯನ್ನು ಸೇರಿಸಿ. ಹಳೆಯ ಜಿಲ್ಲೆ, ಇಂದಿನ ಜಿಲ್ಲೆ, ಜನಗಣತಿ ಸಂಖ್ಯೆ ಅದರಲ್ಲಿರಲಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತಿರಲಿ. ಓದುಗರಲ್ಲೂ ಒಂದು ಮಾತು. ಅಟ್ಟದ ಮೇಲೆ ಹಳೆಯ ಲಗ್ನಪತ್ರಿಕೆ, ಜಾತ್ರೆಯ ಹಾಳೆ, ಶಾಲೆಯ ಸ್ಮರಣ ಸಂಚಿಕೆ ಇದ್ದರೆ ಎರಡೂ ಬದಿಯನ್ನು ಅಂಚು ಸಮೇತ ಸ್ಕ್ಯಾನ್ ಮಾಡಿ. ಅದು ಯಾವ ಊರಿನದು, ಯಾರ ಮನೆಯಿಂದ ಬಂತು, ಯಾವ ವರ್ಷದ್ದಿರಬಹುದು ಎಂದು ಮನೆಯ ಹಿರಿಯರನ್ನು ಕೇಳಿ, ಅವರು ಇರುವಾಗಲೇ ಬರೆದಿಡಿ.